ಟೈ ರಾಡಿಗೆ ವಿಭೂತಿ

…ಪಿಕಪ್ಪು ಎಡಕ್ಕೇ ಎಳೆಯುತ್ತಿತ್ತು, ಅಥವಾ ನನಗೆ ಹಾಗೆ ನೆನಪಿದೆ, ಅಥವಾ ಮಾವ ಅಷ್ಟು ಸಲ ಹೇಳಿದ್ದರಿಂದ ನೆನಪಿದೆ ಎಂದು ಅನ್ನಿಸುತ್ತಿದೆ. ಬಲಕ್ಕೆ ಎಳೆಯುತ್ತಿದ್ದರೂ ಈ ಬರಹಕ್ಕೆ ದೊಡ್ಡ ನಷ್ಟವೇನಿಲ್ಲ. ಆದರೆ ಸಾಕ್ಷ್ಯವೆಲ್ಲ ಎಡದ ಪರವಾಗಿದೆ. ಪಿಕಪ್ಪಿನ ಎಡಗಡೆಯ ಸೀಟಿನಲ್ಲಿ ಕೂತಿದ್ದವರು ಅತ್ತೆ. ಗೋಲ್‌ಗಪ್ಪದ ಗಾಡಿ, ಅಂದರೆ ನಮ್ಮ ಪಾನಿಪುರಿಯ ಗಾಡಿ, ನಿಂತಿದ್ದದ್ದು ರಸ್ತೆಯ ಎಡಬದಿಗೆ. ಪಿಕಪ್ಪಿನ ಕನ್ನಡಿ ಆ ಗಾಡಿಯ ಕೊಡೆಗೆ ತಾಗಿ, ಕೊಡೆ ಮಡಕೆಗೆ ತಾಗಿ, ಮಡಕೆಯ ಪುದೀನ ನೀರು ಕಿಟಕಿಯ ಮೂಲಕ ಅತ್ತೆಯ ಮಡಿಲಿಗೆ ಬಂದು ಸೇರಿತು. ಹಾಗಾಗಿ ಎಡ. ಆ ನೀರಿನ ವಾಸನೆ, ಗೋಲ್‌ಗಪ್ಪ ಭಯ್ಯಾನ ಬಾಯಿ ತೆರೆದ ಮುಖ, ಅತ್ತೆ ಸೆರಗಿನಿಂದ ಒಂದು ಬೂಂದಿ ಕಾಳನ್ನು ಎತ್ತಿ ನೋಡಿದ ರೀತಿ, ಎಲ್ಲ ನನಗೆ ಸ್ಪಷ್ಟವಾಗಿ ನೆನಪಿದೆ. ಒಂದೇ ತೊಂದರೆ ಎಂದರೆ ಆ ದಿನ ನಾನು ಪಿಕಪ್ಪಿನಲ್ಲಿ ಇರಲಿಲ್ಲ. ಮನೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ.

ಓದುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ಹೋಗಬೇಕು.

ನಮ್ಮ ಮನೆ ದೆಹಲಿಗೆ ಅಂಟಿಕೊಂಡ ಘಾಜಿಯಾಬಾದಿನಲ್ಲಿ, ನಾಲ್ಕು ಮಹಡಿಯ ಕಟ್ಟಡದ ಮೊದಲ ಮಹಡಿ. ಮಾವ ಎಂದರೆ ನನ್ನ ಗಂಡನ ತಂದೆ. ಕೊಡಗಿನವರು. ಸೇನೆಯಲ್ಲಿ ಮೂವತ್ತು ವರ್ಷ ವಾಹನಗಳ ಹೊಟ್ಟೆಯ ಕೆಳಗೆ ಮಲಗಿ, ಸುಬೇದಾರರಾಗಿ ಎದ್ದು ಬಂದವರು. ಅತ್ತೆ ಚಾಮರಾಜನಗರದ ಕಡೆಯವರು. ನನ್ನ ಗಂಡನೂ ಸೇನೆಯಲ್ಲೇ ಇದ್ದು ಆಗ ದೂರದ ಪೋಸ್ಟಿಂಗ್‌ನಲ್ಲಿದ್ದುದರಿಂದ ಈ ಘಟನೆಯಿಂದ ಪಾರಾಗಿದ್ದಾನೆ.

ಪಿಕಪ್ಪು ಹದಿಮೂರು ವರ್ಷ ಹಳೆಯದು. ಡೀಸೆಲ್ ಅಲ್ಲ, ಸಿ.ಎನ್.ಜಿ. ಗಾಡಿಯಾದ್ದರಿಂದ ಇಲ್ಲಿನ ರಸ್ತೆಗಳಲ್ಲಿ ಇನ್ನೂ ಓಡಿಸಲು ಬಿಡುತ್ತಾರೆ. ಮಾವ ನಿವೃತ್ತರಾದ ಮೇಲೆ ಅದನ್ನು ಯಾರಿಂದಲೋ ಕೊಂಡರು, ಏಕೆಂದು ಆಗ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಗೊತ್ತಾಯಿತು. ದೆಹಲಿಯ ಲಕ್ಷ್ಮೀ ನಗರದ ಕೋಚಿಂಗ್ ಕ್ಲಾಸುಗಳಿಗೆ ಕರ್ನಾಟಕದಿಂದ ಬಂದ ವಿದ್ಯಾರ್ಥಿಗಳು ವರ್ಷಕ್ಕೆ ಎರಡು ಸಲವಾದರೂ ರೂಮು ಬದಲಾಯಿಸುತ್ತಾರೆ. ಹಾಸಿಗೆ, ಕೂಲರ್, ಪುಸ್ತಕದ ಮೂಟೆ, ಕುಕ್ಕರು. ಮಾವ ಇವನ್ನೆಲ್ಲ ಪಿಕಪ್ಪಿನಲ್ಲಿ ಸಾಗಿಸಿಕೊಡುತ್ತಿದ್ದರು. ದಾರಿಯುದ್ದಕ್ಕೂ ಕನ್ನಡದಲ್ಲಿ ಮಾತಾಡಬಹುದಿತ್ತು. ಕೂಲರನ್ನು ಯಾವ ಕೋನದಲ್ಲಿ ಕಟ್ಟಬೇಕೆಂದು ಅವರನ್ನು ಕೇಳುವವರಿದ್ದರು. ಮನೆಯಲ್ಲಿ ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಗೋಲ್‌ಗಪ್ಪದ ಘಟನೆಯ ಸಂಜೆ ಅತ್ತೆ ಸೀರೆ ನೆನೆಹಾಕಿ ಬಂದು ತೀರ್ಪು ಕೊಟ್ಟರು.

“ರೀ, ದಸರಾ ಬರ್ತಾ ಇದೆ. ವಿಜಯದಶಮಿ ಮಧ್ಯಾಹ್ನ ಆ ಗಾಡೀಲಿ ನಾನೇ ಕೂರ್ತೀನಿ. ಕೈಯಲ್ಲಿ ಒಂದು ಲೋಟ ಕಾಫಿ ಹಿಡ್ಕೊಂಡು. ನಮ್ಮ ಗೇಟಿಂದ ಹಾಲಿನ ಬೂತ್‌ವರೆಗೆ ಸೀದಾ ಹೋಗ್ಬೇಕು. ಕಾಫಿ ಚೆಲ್ಲಿದ್ರೆ ಕೀಲಿ ನನ್ನ ಸಾಸಿವೆ ಡಬ್ಬಿಗೆ ಹೋಗುತ್ತೆ. ಆಮೇಲೆ ಅದು ಗುಜರಿಗೆ.”

“ಕಾಫಿ ಯಾಕೆ ಮಾರಾಯ್ತಿ? ನೀರು ಸಾಕಲ್ಲ?”

“ನೀರು ಚೆಲ್ಲಿದ್ರೆ ನೀವು ಚೆಲ್ಲಿಲ್ಲ ಅಂತೀರ.”

ಮಾವ ಜ್ಯಾಕ್ ಹುಡುಕಲು ಹೋದರು.

ದುರ್ಗಾಷ್ಟಮಿಯ ಬೆಳಗ್ಗೆ ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ ಕೆಲಸ ಶುರುವಾಯಿತು. ನನಗೆ ಕಾಲೇಜಿಗೆ ರಜೆ. ಸಹಾಯಕ್ಕೆ ಬೇರೆ ಯಾರೂ ಇರಲಿಲ್ಲ. ಮಾವ ಪಿಕಪ್ಪಿನ ಮುಂಭಾಗವನ್ನು ಜ್ಯಾಕಿನಿಂದ ಎತ್ತಿ, ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿ, ನನಗೆ ಚಕ್ರ ಹಿಡಿಯಲು ಹೇಳಿದರು.

“ಎಡಗೈ ಎಡಬದಿಗೆ, ಬಲಗೈ ಬಲಬದಿಗೆ. ಈಗ ಅಲ್ಲಾಡ್ಸು. ಇದು ತೊಟ್ಟಿಲಲ್ಲ ಮಗಳೇ, ಜೋರಾಗಿ!”

ಅಲ್ಲಾಡಿಸಿದೆ. ಟಕ್ ಟಕ್ ಎಂದಿತು.

“ಅಚ್ಛಾ. ಈಗ ಒಂದು ಕೈ ಮೇಲೆ, ಒಂದು ಕೈ ಕೆಳಗೆ.”

ಈ ಸಲ ಚಕ್ರ ಸುಮ್ಮನಿತ್ತು. ಮೇಲೆ ಕೆಳಗೆ ಸದ್ದಿಲ್ಲ ಎಂದರೆ ಚಕ್ರ ತಿರುಗುವ ಕೀಲು ಗಟ್ಟಿಯಾಗಿದೆ. ಅಡ್ಡಕ್ಕೆ ಟಕ್ ಎಂದರೆ ಟೈ ರಾಡಿನ ತುದಿಗಳು ಸವೆದಿವೆ. ಇಷ್ಟನ್ನು ಮಾವ ಕೆಳಗೆ ಮಲಗಿಯೇ ವಿವರಿಸಿದರು. ಟೈ ರಾಡ್ ಎಂದರೆ ಮುಂದಿನ ಆಕ್ಸಲ್ಲಿನ ಹಿಂದೆ ಅಡ್ಡಲಾಗಿ ಇರುವ ಉದ್ದನೆಯ ಕೋಲು. ಎರಡು ಚಕ್ರಗಳೂ ಒಂದೇ ಕಡೆಗೆ ನೋಡುವಂತೆ ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಕೋಲಿನ ಎರಡು ಕೊನೆಗೂ ಥ್ರೆಡ್ ಇರುತ್ತದೆ, ಅದರ ಮೇಲೆ ಬಾಟಲಿಯ ಮುಚ್ಚಳದ ಹಾಗೆ ಒಂದೊಂದು ‘ಎಂಡ್’ ತಿರುಗಿಸಿ ಕೂರಿಸಿರುತ್ತಾರೆ. ಆ ಮುಚ್ಚಳ ಹೆಚ್ಚು ತಿರುಗಿದರೆ ಕೋಲು ಗಿಡ್ಡವಾಗುತ್ತದೆ, ಕಡಿಮೆ ತಿರುಗಿದರೆ ಉದ್ದವಾಗುತ್ತದೆ, ಎರಡರಲ್ಲೂ ಚಕ್ರಗಳ ನೋಟ ಕೆಡುತ್ತದೆ.

ಇದಲ್ಲದೆ ಎಡಗಡೆಯ ಸ್ಪ್ರಿಂಗ್ ಪಟ್ಟಿಯ ಬುಶ್ ಕೂಡ ಹೋಗಿತ್ತು. ರಬ್ಬರು ಹಳೆಯ ಹವಾಯಿ ಚಪ್ಪಲಿಯ ಹಿಮ್ಮಡಿಯ ಹಾಗೆ ಒಂದು ಕಡೆ ಪೂರ್ತಿ ಸವೆದು, ಆಕ್ಸಲ್ಲಿನ ಎಡಭಾಗ ಚೂರು ಹಿಂದಕ್ಕೆ ಸರಿದಿತ್ತು. ಗಾಡಿ ಎಡಕ್ಕೆ ಎಳೆಯುತ್ತಿದ್ದುದು ಇದರಿಂದ. ನೋಡಿ, ಎಡವೇ. ಇನ್ನೊಂದು ಸಾಕ್ಷ್ಯ ಸಿಕ್ಕಿತು.

ಎದುರಿನ ಗಲ್ಲಿಯ ತುದಿಯಲ್ಲಿ ಒಬ್ಬ ಮೆಕ್ಯಾನಿಕ್ ಭಯ್ಯಾನ ಅಂಗಡಿ ಇದೆ. ಅವನು ಹತ್ತು ಗಂಟೆಗೆ ಚಹಾದ ಗ್ಲಾಸು ಹಿಡಿದು ಬಂದು ನಮ್ಮ ಗೋಡೆಗೆ ಒರಗಿ ನಿಂತ. ಅವನ ಹಿಂದಿಯನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿರುವುದರಿಂದ ಅದರ ಅರ್ಧ ಚೂಪು ಹೋಗಿದೆ.

“ಫೌಜಿ ಸಾಬ್, ನನ್ನ ಅಂಗಡಿ ಇನ್ನೂ ಅಲ್ಲೇ ಇದೆ. ಬೇಕಾದ್ರೆ ತೋರಿಸ್ತೀನಿ.”

“ಗೊತ್ತುಂಟು ಭಯ್ಯಾ.”

“ನಿಮ್ಮ ಸೊಸೆ ಬಹೂರಾಣಿ ಪ್ರೊಫೆಸರ್ ಅಲ್ವಾ? ಕೈಯಲ್ಲಿ ಸುತ್ತಿಗೆ ಕೊಟ್ಟಿದ್ದೀರಿ.”

ಸುತ್ತಿಗೆ ಕೊಟ್ಟದ್ದಕ್ಕೆ ಕಾರಣವಿತ್ತು. ಟೈ ರಾಡಿನ ಎಂಡ್ ತನ್ನ ತೂತಿನಲ್ಲಿ ಎಷ್ಟು ಬಿಗಿಯಾಗಿ ಕೂತಿರುತ್ತದೆ ಎಂದರೆ, ನಟ್ ಸಡಿಲಿಸಿದರೂ ಬರುವುದಿಲ್ಲ. ಕೆಳಗಿನಿಂದ ಹೊಡೆದರೆ ಥ್ರೆಡ್ ಹಾಳು. ತೂತಿನ ಪಕ್ಕದ ಕಬ್ಬಿಣಕ್ಕೆ ಎರಡೂ ಬದಿಯಿಂದ ಒಟ್ಟಿಗೇ ಹೊಡೆಯಬೇಕು, ಆಗ ಅದು ಬೆಚ್ಚಿ ಬಿಟ್ಟುಕೊಡುತ್ತದೆ. ಒಬ್ಬರ ಎರಡು ಕೈಗೆ ಅಲ್ಲಿ ಜಾಗವಿಲ್ಲ. ಮಾವ “ಏಕ್, ದೋ, ತೀನ್” ಅನ್ನುವುದು, ಇಬ್ಬರೂ ಹೊಡೆಯುವುದು. ನಾನು ಸತತವಾಗಿ ‘ದೋ’ಗೆ ಹೊಡೆಯುತ್ತಿದ್ದೆ. ಮೆಕ್ಯಾನಿಕ್ ಭಯ್ಯಾ ಎರಡನೇ ಚಹಾ ತರಿಸಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಹೊಸ ಬುಶ್ ಕೂತಿತ್ತು, ಟೈ ರಾಡ್ ಹೊರಬಂದು ಅದರ ಹಳೆಯ ಎರಡೂ ಎಂಡ್ ಬಿಚ್ಚಿಯಾಗಿತ್ತು. ಬಿಚ್ಚುವ ಮುನ್ನ ಮಾವ ಅಡುಗೆಮನೆಯಿಂದ ವೀಳ್ಯದೆಲೆಯ ಸುಣ್ಣದ ಡಬ್ಬಿ ತರಿಸಿ, ಎಂಡ್ ಎಲ್ಲಿಯವರೆಗೆ ತಿರುಗಿತ್ತೋ ಅಲ್ಲಿ ಥ್ರೆಡ್ಡಿನ ಮೇಲೆ ಬೆರಳಲ್ಲಿ ಮೂರು ಬಿಳಿ ಗೆರೆ ಎಳೆದಿದ್ದರು.

“ಒಂದೇ ಗೆರೆ ಸಾಕಲ್ವಾ ಮಾವ?” ಎಂದು ಕೇಳಿದೆ.

“ಒಂದು ಗೆರೆ ಆದರೆ ಆಕಸ್ಮಿಕ ಅಂತ ಆಗ್ತದೆ. ಮೂರು ಇದ್ದರೆ ಯಾರೋ ಬೇಕಂತಲೇ ಹಾಕಿದ್ದು ಅಂತ ಯಾವನಿಗೂ ಗೊತ್ತಾಗ್ತದೆ.”

ಈ ತರ್ಕವನ್ನು ನೆನಪಿಡಿ. ಸೇನೆಯಲ್ಲಿ ಅದು ಮೂವತ್ತು ವರ್ಷ ಕೆಲಸ ಮಾಡಿತ್ತು. ಅಲ್ಲಿ ಅತ್ತೆ ಇರಲಿಲ್ಲ.

ಆ ಸಂಜೆಯೇ ಹೊಸ ಎಂಡ್‌ಗಳನ್ನು ಹಾಕಿ ಮುಗಿಸಿದ್ದರೆ ಬರೆಯಲು ಏನೂ ಉಳಿಯುತ್ತಿರಲಿಲ್ಲ. ಆದರೆ ಮಾವ ತಂದ ಎರಡೂ ಎಂಡ್ ಒಂದೇ ಬಗೆಯವಾಗಿದ್ದವು. ಒಂದು ಕಡೆಯದು ಬಲಕ್ಕೆ ತಿರುಗುವ ಥ್ರೆಡ್, ಇನ್ನೊಂದು ಕಡೆಯದು ಎಡಕ್ಕೆ ತಿರುಗುವ ಥ್ರೆಡ್ ಆಗಬೇಕು. ಅಂಗಡಿಗೆ ವಾಪಸು ಹೋದಾಗ ಬಾಗಿಲು ಹಾಕಿತ್ತು. ಮರುದಿನ ಬೆಳಗ್ಗೆ ಬೇಗ ಹೋಗಿ ಸರಿಯಾದದ್ದನ್ನು ತಂದರು. ತಂದು ಸ್ಪ್ಯಾನರಿಗೆ ಕೈಹಾಕಿದರೆ ಸ್ಪ್ಯಾನರ್ ಇರಲಿಲ್ಲ.

ಅದು ಮಹಾನವಮಿ. ಆಯುಧಪೂಜೆ.

ಅತ್ತೆ ಮುಂಜಾನೆಯೇ ಎಲ್ಲವನ್ನೂ ಮೇಲಕ್ಕೆ ತರಿಸಿ ದೇವರ ಮುಂದೆ ಕೆಂಪು ಬಟ್ಟೆಯ ಮೇಲೆ ಜೋಡಿಸಿದ್ದರು. ಸ್ಪ್ಯಾನರುಗಳು ಎತ್ತರದ ಪ್ರಕಾರ, ಸುತ್ತಿಗೆಗಳು ಜೋಡಿಯಾಗಿ, ಗ್ರೀಸ್ ಗನ್ನಿಗೆ ಒಂದು ಚೆಂಡುಹೂವು. ಈಳಿಗೆಮಣೆ, ಮಿಕ್ಸಿಯ ಜಾರು, ನನ್ನ ಲ್ಯಾಪ್‌ಟಾಪ್. ನಡುವೆ, ಮಣೆಯ ಮೇಲೆ, ಮೂಲವಿಗ್ರಹದ ಗಾಂಭೀರ್ಯದಲ್ಲಿ ಟೈ ರಾಡ್. ಎರಡೂ ಕೊನೆಗೆ ಅಚ್ಚುಕಟ್ಟಾಗಿ ಮೂರು ಮೂರು ವಿಭೂತಿ ಗೆರೆ, ರಾಡಿನ ನಟ್ಟನಡುವೆ ಕುಂಕುಮ.

“ನಾಳೆ ಪೂಜೆ ಕದಲಿಸೋವರೆಗೂ ಒಂದು ನಟ್ಟೂ ಮುಟ್ಟಂಗಿಲ್ಲ” ಎಂದರು ಅತ್ತೆ.

“ನಮ್ಮ ಕೊಡಗಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೇ ಆಯುಧ ಎಲ್ಲ ಇಟ್ಟು ಪೂಜೆ ಆಗ್ತದೆ. ಹೋದ ತಿಂಗಳು ಆಗಿ ಹೋಯ್ತು. ಈ ಸ್ಪ್ಯಾನರುಗಳಿಗೆ ಈ ವರ್ಷದ ಪೂಜೆ ಸಂದಾಯ ಆಗಿದೆ.”

“ಅದು ನಿಮ್ಮ ಪೂಜೆ. ಇದು ನನ್ನದು.”

ಮಾವ ಮೆಕ್ಯಾನಿಕ್ ಭಯ್ಯಾನ ಅಂಗಡಿಗೆ ಹೋಗಿ ಸ್ಪ್ಯಾನರ್ ಎರವಲು ಕೇಳಿದರು. ಭಯ್ಯಾ ಕೊಡಲು ಸಿದ್ಧನಿದ್ದ. ಇಲ್ಲಿನವರು ಹತಾರಗಳಿಗೆ ಮಾಡುವ ವಿಶ್ವಕರ್ಮ ಪೂಜೆ ಅವನ ಅಂಗಡಿಯಲ್ಲಿ ಮುಗಿದು ವಾರಗಳಾಗಿದ್ದವು. ಆದರೆ ಪೂಜೆಯಲ್ಲಿ ಕೂತ ಟೈ ರಾಡನ್ನು ಯಾವ ಊರಿನ ಸ್ಪ್ಯಾನರಿನಿಂದಲೂ ಮುಟ್ಟುವ ಹಾಗಿಲ್ಲ ಎಂದು ಅತ್ತೆ ಬಾಲ್ಕನಿಯಿಂದಲೇ ಕೂಗಿ ಹೇಳಿದರು. ಭಯ್ಯಾ ಬೆರಳಲ್ಲಿ ಲೆಕ್ಕ ಹಾಕಿದ. ಕೊಡಗಿನ ಹಬ್ಬ ಒಂದು, ವಿಶ್ವಕರ್ಮ ಎರಡು, ಇದು ಮೂರು.

“ವರ್ಷಕ್ಕೆ ಮೂರು ರಜೆ! ಫೌಜಿ ಸಾಬ್, ನಮ್ಮ ಪಾನಾಗಳೆಲ್ಲ ಸರ್ಕಾರಿ ನೌಕರಿಯಲ್ಲಿವೆ.”

ಆ ದಿನ ಪಿಕಪ್ಪಿಗೂ ಪೂಜೆಯಾಯಿತು. ಹಿಂದಿನ ಎರಡು ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಮುಂದಿನ ಎರಡು ಚಕ್ರ ಗೋಡೆಗೆ ಒರಗಿದ್ದವು, ಅವಕ್ಕೂ ಅಲ್ಲೇ ಒಂದೊಂದು. ಗಾಳಿಯಲ್ಲಿ ಮೂತಿ ಎತ್ತಿಕೊಂಡು, ಮುಂಗಾಲಿಲ್ಲದೆ, ಹಾರ ಹಾಕಿಕೊಂಡು ನಿಂತ ಗಾಡಿಯನ್ನು ಮೇಲಿನ ಮಹಡಿಯವರು ಬಂದು ಫೋಟೋ ತೆಗೆದುಕೊಂಡು ಹೋದರು.

ವಿಜಯದಶಮಿಯ ಬೆಳಗ್ಗೆ ಅತ್ತೆ ಮಂಗಳಾರತಿ ಮಾಡಿ ಪೂಜೆ ಕದಲಿಸಿದರು. ಮಾವ ಟೈ ರಾಡನ್ನು ಮಗುವಿನ ಹಾಗೆ ಎತ್ತಿಕೊಂಡು ಮೆಟ್ಟಿಲಿಳಿದರು. ಇಲ್ಲಿಂದ ನನ್ನ ನೆನಪು ಚುರುಕಾಗುತ್ತದೆ, ಅಂದರೆ ಹೆಚ್ಚು ಅನುಮಾನಾಸ್ಪದವಾಗುತ್ತದೆ. ಅವರು ಕೊನೆಯಲ್ಲಿದ್ದ ಮೂರು ಬಿಳಿ ಗೆರೆ ನೋಡಿ, ನನ್ನ ಕಡೆ ತಿರುಗಿ, “ಕಂಡೆಯಾ? ಮೂರು ಗೆರೆ ಹಾಕಿದ್ದಕ್ಕೆ ಉಳೀತು” ಎಂದರು. ಹೊಸ ಎಂಡ್‌ಗಳನ್ನು ಆ ಗೆರೆಗಳವರೆಗೂ ತಿರುಗಿಸಿದರು. ಬಹಳ ಹೊತ್ತು ತಿರುಗಿಸಿದರು. “ಹೊಸದಲ್ವಾ, ಬಿಗಿ ಉಂಟು” ಎಂದರು. ಕ್ಲಾಂಪ್ ಬಿಗಿದರು, ಚಕ್ರ ಹಾಕಿದರು, ಗಾಡಿಯನ್ನು ನೆಲಕ್ಕಿಳಿಸಿದರು.

ನಾನು ಮುಂದೆ ನಿಂತು ನೋಡಿದೆ. ಏನೋ ಸರಿಯಿಲ್ಲ ಅನ್ನಿಸಿತು. ಅನ್ನಿಸಿತೋ, ಆಮೇಲೆ ನಡೆದದ್ದು ಗೊತ್ತಿರುವುದರಿಂದ ಈಗ ಅನ್ನಿಸುತ್ತಿದೆಯೋ. ಎಡ ಚಕ್ರ ಇಸ್ತ್ರಿ ಬಂಡಿಯ ಕಡೆ ನೋಡುತ್ತಿತ್ತು, ಬಲ ಚಕ್ರ ಪಾರ್ಕಿನ ಕಡೆ. ಮೆಳ್ಳೆಗಣ್ಣಿನವರನ್ನು ಮಾತಾಡಿಸುವಾಗ ಯಾವ ಕಣ್ಣು ನೋಡಬೇಕೆಂದು ತಿಳಿಯದ ಹಾಗೆ, ನಾನು ಎರಡರ ನಡುವೆ ನಂಬರ್ ಪ್ಲೇಟ್ ನೋಡುತ್ತಾ ನಿಂತೆ.

ಅತ್ತೆ ರೇಷ್ಮೆ ಸೀರೆ ಉಟ್ಟು, ಅಂಚಿನವರೆಗೆ ಕಾಫಿ ತುಂಬಿದ ಸ್ಟೀಲ್ ಲೋಟ ಹಿಡಿದು ಬಂದು ಕೂತರು. ನಾಲ್ಕೂ ಚಕ್ರಕ್ಕೆ ಹೊಸ ನಿಂಬೆಹಣ್ಣು. ಮಾವ ಸ್ಟೀರಿಂಗಿಗೆ ಕೈ ಮುಗಿದು ಗಾಡಿ ಬಿಟ್ಟರು.

ಹಿಂದಿನ ಎರಡು ನಿಂಬೆಹಣ್ಣು ಚಪ್ಪಟೆಯಾದವು. ಮುಂದಿನ ಎರಡೂ ಆಗಲಿಲ್ಲ. ಓರೆಯಾಗಿ ಬಂದ ಚಕ್ರದ ಅಂಚಿಗೆ ಸಿಕ್ಕಿ ಒಂದೊಂದು ದಿಕ್ಕಿಗೆ ಚಿಮ್ಮಿದವು. ಒಂದು ಕಾವಲುಗಾರನ ಕುರ್ಚಿಯ ಕೆಳಗೆ ಸಿಕ್ಕಿತು, ಇನ್ನೊಂದು ಸಿಗಲೇ ಇಲ್ಲ. ಗಾಡಿ ಕೀಚ್ ಎಂದು ಟೈರು ಉಜ್ಜುತ್ತಾ ಎಡಕ್ಕೆ ಹೋಗಿ ಬಲಕ್ಕೆ ಬಂತು, ಮತ್ತೆ ಎಡಕ್ಕೆ ಯೋಚಿಸಿತು. ಗೇಟು ದಾಟಿ ಹತ್ತು ಹೆಜ್ಜೆಗೆ ನಿಂತಿತು. ಕಿಟಕಿಯಿಂದ ಖಾಲಿ ಲೋಟ ಹಿಡಿದ ಕೈ ಮೊದಲು ಹೊರಬಂತು.

“ಕೀಲಿ” ಎಂದರು ಅತ್ತೆ.

ಮಾವ ಕೀಲಿ ಕೊಟ್ಟರು. ಈ ಕ್ಷಣದಲ್ಲಿ ಅವರ ಮುಖ ಹೇಗಿತ್ತೆಂದು ಬರೆಯಲು ಮೂರು ಸಲ ಪ್ರಯತ್ನಿಸಿ ಮೂರನ್ನೂ ಹೊಡೆದುಹಾಕಿದ್ದೇನೆ. ಬರೆದದ್ದೆಲ್ಲ ಬೇರೆ ಯಾರದೋ ಮುಖವಾಗುತ್ತಿತ್ತು. ಅವರು ಅಂಗಿಯ ತೋಳಿನ ಗುಂಡಿ ಹಾಕಿಕೊಂಡರು ಎಂಬುದು ಮಾತ್ರ ಖಚಿತ. ಕೆಲಸ ಮುಗಿಯಿತು ಎನ್ನುವಾಗ ಅವರು ಮಾಡುವುದು ಅದನ್ನೇ.

ಅಷ್ಟರಲ್ಲಿ ಮೆಕ್ಯಾನಿಕ್ ಭಯ್ಯಾ ಓಡಿ ಬಂದಿದ್ದ. “ಫೌಜಿ ಸಾಬ್, ಚಕ್ರಗಳು ಮುನಿಸ್ಕೊಂಡಿವೆಯಾ? ಒಂದರ ಮುಖ ಒಂದು ನೋಡಲ್ಲ ಅಂತಿವೆ!” ಎನ್ನುತ್ತಲೇ ಗಾಡಿಯ ಕೆಳಗೆ ತೂರಿದ. ಆಮೇಲೆ ಅವನ ಕೈ ಹೊರಬಂತು. ಬೆರಳ ತುದಿಯಲ್ಲಿ ಬಿಳಿ ಪುಡಿ. ಮೂಸಿದ. ಇನ್ನೊಮ್ಮೆ ಮೂಸಿದ.

“ಇದು ಭಭೂತ್!”

ಹಾಗೆಂದವನು ಮಲಗಿದಲ್ಲೇ ಅದನ್ನು ಹಣೆಗೆ ಹಚ್ಚಿಕೊಂಡ.

ಮಾವನೂ ಕೆಳಗೆ ತೂರಿದರು. ನಾನೂ ತೂರಿದೆ. ಟೈ ರಾಡಿನ ಥ್ರೆಡ್ ಮುಗಿದು ನುಣುಪು ಶುರುವಾಗುವ ಜಾಗದಲ್ಲಿ, ಎಂಡ್ ಬಂದು ಮುಟ್ಟಿದ್ದಲ್ಲಿ, ವಿಭೂತಿಯ ಮೂರು ಗೆರೆ. ಸುಣ್ಣದ ಗುರುತು ಎಲ್ಲೂ ಇರಲಿಲ್ಲ. ಎರಡು ಕಡೆಯೂ ಏಳೆಂಟು ಸುತ್ತು ಹೆಚ್ಚಾಗಿ ತಿರುಗಿ, ಕೋಲು ಅಷ್ಟು ಗಿಡ್ಡವಾಗಿ, ಚಕ್ರಗಳ ಹಿಂಭಾಗವನ್ನು ಒಳಕ್ಕೆಳೆದು ಮುಂಭಾಗವನ್ನು ಹೊರಕ್ಕೆ ಓಡಿಸಿತ್ತು.

“ನೀನು ಇಲ್ಲಿಗ್ಯಾಕೆ ವಿಭೂತಿ ಇಟ್ಟಿದ್ದು ಮಾರಾಯ್ತಿ?” ಕೆಳಗಿನಿಂದ ಮಾವನ ಧ್ವನಿ.

“ಮತ್ತೆ ಎಲ್ಲಿಡ್ಲಿ? ತುದೀಲಿ ಗೀರು ಗೀರು, ಗೆರೆ ಕೂರಲ್ಲ. ನುಣ್ಣಗಿರೋ ಕಡೆ ಇಟ್ಟೆ.”

“ನನ್ನ ಸುಣ್ಣ ಯಾಕೆ ಒರೆಸಿದೆ?”

“ನಾನೆಲ್ಲಿ ಒರೆಸಿದೆ? ನನ್ನ ಕೈಗೆ ಬರೋವಾಗ ರಾಡು ಕ್ಲೀನಾಗಿ ಲಕ್ಷಣವಾಗೇ ಇತ್ತು.”

ನಾನು ಗಾಡಿಯ ಕೆಳಗೇ ಉಳಿದೆ.

ಅತ್ತೆ ಅಲ್ಲೇ ನಿಂತು ಯೋಚಿಸಿದರು. ರೇಷ್ಮೆ ಸೀರೆಯ ಮೇಲೆ ಕಾಫಿ ಕಲೆ ದೊಡ್ಡದಾಗುತ್ತಿತ್ತು. ಆಮೇಲೆ, “ನನ್ನ ವಿಭೂತಿಯಿಂದ ಆದದ್ದನ್ನ ನಿಮ್ಮ ತಲೆಗೆ ಕಟ್ಟೋದು ನ್ಯಾಯ ಅಲ್ಲ. ಇನ್ನೊಂದು ಸಲ ನೋಡಣ. ಆದ್ರೆ ಕೀಲಿ ಅಲ್ಲೀವರೆಗೂ ನನ್ನ ಹತ್ರಾನೇ” ಎಂದರು.

ಸುಣ್ಣದ ಗುರುತು ಹೋಗಿದ್ದರಿಂದ ಅಳತೆಯನ್ನು ಮೊದಲಿನಿಂದ ಮಾಡಬೇಕಾಯಿತು. ಅತ್ತೆ ಹೂ ಕಟ್ಟುವ ದಾರದ ಉಂಡೆ ಕೊಟ್ಟರು. ಹಿಂದಿನ ಚಕ್ರದಿಂದ ಮುಂದಿನ ಚಕ್ರದವರೆಗೆ ದಾರ ಎಳೆದು ಹಿಡಿದರೆ, ಯಾವ ಚಕ್ರ ಎಷ್ಟು ಸೊಟ್ಟ ಎಂದು ಕಾಣುತ್ತದೆ. ಕ್ಲಾಂಪ್ ಸಡಿಲಿಸಿ ಭಯ್ಯಾ ಪೈಪ್ ಪಾನಾದಲ್ಲಿ ರಾಡನ್ನು ತಿರುಗಿಸಿದ. ಒಂದು ಕೊನೆ ಬಲ ಥ್ರೆಡ್, ಇನ್ನೊಂದು ಎಡ ಥ್ರೆಡ್ ಆದ್ದರಿಂದ ರಾಡು ತಿರುಗಿದ ಹಾಗೆ ಎರಡೂ ಕಡೆ ಒಟ್ಟಿಗೆ ಉದ್ದವಾಗುತ್ತದೆ. ಪ್ರತಿ ಸುತ್ತಿಗೂ ಗಾಡಿಯನ್ನು ಒಂದಷ್ಟು ಹಿಂದೆ ಮುಂದೆ ತಳ್ಳಬೇಕು. ತಳ್ಳಿದವರು ನಾನು, ಕಾವಲುಗಾರ, ಮತ್ತು ಇಸ್ತ್ರಿ ಭಯ್ಯಾ. ಕೊನೆಗೆ ಎರಡು ಟೈರುಗಳ ನಡುವಿನ ಅಂತರವನ್ನು ಮುಂದೊಮ್ಮೆ, ಹಿಂದೊಮ್ಮೆ ಟೇಪಿನಲ್ಲಿ ಅಳೆದರು.

“ಮುಂದೆ ಒಂದು ಸೂತ್ ಕಮ್ಮಿ ಇರಬೇಕು, ಅಷ್ಟೇ” ಎಂದ ಭಯ್ಯಾ. ಇಂಚನ್ನು ಎಂಟು ಮಾಡಿದರೆ ಅದರಲ್ಲೊಂದು ಸೂತ್. ಟೇಪು ಹಿಡಿದವಳು ನಾನು. ಅಳತೆ ಕೂಗಿದವಳೂ ನಾನು. ಅದು ಸರಿಯಿತ್ತೆಂದು ನಂಬಲು ಗಾಡಿ ಆಮೇಲೆ ಹೋದ ರೀತಿಯೊಂದೇ ಆಧಾರ.

ಅತ್ತೆ ಸೀರೆ ಬದಲಿಸಿ, ಲೋಟ ತುಂಬಿಸಿ ಬಂದರು. ಈ ಸಲ ಕಾಫಿ ಅಂಚಿಗಿಂತ ಒಂದು ಬೆರಳು ಕೆಳಗಿತ್ತು ಎಂದು ನನ್ನ ಅಭಿಪ್ರಾಯ. ಕೇಳಿದರೆ ಅವರು ಒಪ್ಪುವುದಿಲ್ಲ. ನಾಲ್ಕು ನಿಂಬೆಹಣ್ಣುಗಳೂ ಪಚ್ ಪಚ್ ಎಂದು ಅಪ್ಪಚ್ಚಿಯಾದವು. ಪಿಕಪ್ಪು ಗೇಟು ದಾಟಿ, ಇಸ್ತ್ರಿ ಬಂಡಿ ದಾಟಿ, ಎಡವನ್ನೂ ಬಲವನ್ನೂ ನೋಡದೆ ಹಾಲಿನ ಬೂತಿನವರೆಗೆ ಹೋಯಿತು. ಭಯ್ಯಾ ಚಪ್ಪಾಳೆ ತಟ್ಟಿದ.

ಬೂತಿನಲ್ಲಿ ಅದು ನಿಲ್ಲಲಿಲ್ಲ. ಮುಂದೆ ಹೋಯಿತು. ತಿರುವಿನಲ್ಲಿ ಮರೆಯಾಯಿತು.

ಒಂದು ಗಂಟೆ ಕಾದೆ. ಇಬ್ಬರ ಫೋನೂ ಮನೆಯಲ್ಲೇ ಇದ್ದವು. ಎರಡೂವರೆ ಗಂಟೆಯ ನಂತರ ಪಿಕಪ್ಪು ವಾಪಸು ಬಂತು. ಹಿಂದೆ ಯಾರದೋ ಕೂಲರಿನ ಒಂದು ಕಾಲು ಮಾತ್ರ ಉಳಿದುಕೊಂಡಿತ್ತು. ಅತ್ತೆಯ ಕೈಯಲ್ಲಿ ಆ ಖಾಲಿ ಲೋಟ. ಲಕ್ಷ್ಮೀ ನಗರದಲ್ಲಿ ಒಬ್ಬ ವಿದ್ಯಾರ್ಥಿನಿ ಎರಡು ದಿನದಿಂದ ಮಾವನಿಗಾಗಿ ಕಾಯುತ್ತಿದ್ದಳಂತೆ. ಅವಳ ಸಾಮಾನನ್ನು ಹೊಸ ರೂಮಿಗೆ ಸಾಗಿಸಿ ಬಂದಿದ್ದರು.

“ಕಾಫಿ ಏನಾಯ್ತು ಅತ್ತೆ?”

“ಬೂತ್ ಹತ್ರ ಕುಡಿದುಬಿಟ್ಟೆ. ಆರಿಹೋಗ್ತಿತ್ತು.”

“ಒಂದು ತೊಟ್ಟೂ ಚೆಲ್ಲಲಿಲ್ಲ, ಕೇಳು ಅವಳನ್ನೇ” ಎಂದರು ಮಾವ.

“ಆ ಹುಡುಗಿ ಕೂಲರನ್ನ ಹೆಂಗೆ ಕಟ್ಟಿದ್ಲು ಗೊತ್ತಾ? ನಾನು ಹೇಳಿಕೊಟ್ಟೆ” ಎಂದರು ಅತ್ತೆ.

ಈಗಲೂ ಕೀಲಿ ಸಾಸಿವೆ ಡಬ್ಬಿಯಲ್ಲೇ ಇರುತ್ತದೆ. ಮಾವ ಬಂದು ಕೇಳುತ್ತಾರೆ, ಅತ್ತೆ ಒಗ್ಗರಣೆ ಇಳಿಸಿ, ಕೀಲಿಯ ಸಾಸಿವೆ ಕೊಡವಿ, ಚಪ್ಪಲಿ ಹಾಕಿಕೊಂಡು ಜೊತೆಗೇ ಹೊರಡುತ್ತಾರೆ. ಕೂಲರ್ ಕಟ್ಟುವ ಕೋನದ ಬಗ್ಗೆ ಈಗ ಎರಡು ಅಭಿಪ್ರಾಯಗಳಿವೆ.

ಸುಣ್ಣದ ಗುರುತನ್ನು ಒರೆಸಿದವರು ಯಾರು ಎಂಬುದು ಮಾತ್ರ ಇತ್ಯರ್ಥವಾಗಿಲ್ಲ. ಅತ್ತೆ ತಾವಲ್ಲ ಅನ್ನುತ್ತಾರೆ. ಅವರು ಗಾಡಿಯನ್ನು ಗುಜರಿಗೆ ಹಾಕಲು ಬಯಸಿದ್ದವರು, ಆದರೆ ಸುಳ್ಳು ಹೇಳುವವರಲ್ಲ. ಆಯುಧಪೂಜೆಯ ಬೆಳಗ್ಗೆ ರಾಡನ್ನು ಮೇಲಕ್ಕೆ ಹೊತ್ತು ತಂದವಳು ನಾನು. ಅದರ ಮೇಲೆ ಗ್ರೀಸ್ ಇತ್ತು. ನನ್ನ ಕೈಯಲ್ಲಿ ಸೀಮೆಎಣ್ಣೆಯ ವಾಸನೆಯ ಬಟ್ಟೆಯಿದ್ದ ಒಂದು ಚಿತ್ರ ನನ್ನ ತಲೆಯಲ್ಲಿದೆ. ಅದು ಪುದೀನ ನೀರಿನ ಚಿತ್ರದಷ್ಟೇ ಸ್ಪಷ್ಟವಾಗಿದೆ, ಮತ್ತು ಆ ಚಿತ್ರ ಎಂಥದ್ದೆಂದು ಮೊದಲೇ ಹೇಳಿದ್ದೇನೆ. ನಾನು ಒರೆಸಿದೆನೋ ಇಲ್ಲವೋ ನನಗೆ ಗೊತ್ತಿಲ್ಲ.